ಹೊಸ ಐಡಿಯಾ ಇದೆ, ಜನ ಸೇರಬೇಕು: ಕಾಸರಗೋಡು ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ನಮಸ್ಕಾರ.

ಹೊಸತನ, ನವೋದ್ಯಮ ಅಂತ ಭಾಷಣ ಕೇಳಿ ಕೇಳಿ ನಮಗೆ ಸಾಕಾಗಿದೆ. ನಮ್ಮವರಿಗೆ ಹೊಸದು ಹೊಳೆಯುವುದಿಲ್ಲ ಅಂತ ಯಾರಾದರೂ ಹೇಳಿಯಾರೇ? ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು, ಪಂಪು ಕರೆಂಟು ಏನೂ ಇಲ್ಲದೆ ಮನೆ ಬಾಗಿಲಿಗೆ ನೀರು ತಂದವರು ನಮ್ಮ ಹಿರಿಯರು. ಸತ್ಯನಾರಾಯಣ ಬೆಳೇರಿ ಅವರು ನಮ್ಮ ಜಿಲ್ಲೆಯಲ್ಲೇ ಕೂತು 650ಕ್ಕೂ ಜಾಸ್ತಿ ಭತ್ತದ ತಳಿ ಉಳಿಸಿದರು, 2024ರಲ್ಲಿ ಪದ್ಮಶ್ರೀ ಬಂತು. ಆಗ ಸನ್ಮಾನಕ್ಕೆ ಎಲ್ಲರೂ ಹೋದೆವು. ಬೀಜ ತಂದು ಗದ್ದೆಗೆ ಹಾಕಿದವರು ಎಷ್ಟು ಜನ?

ಕೊರತೆ ಇರುವುದು ಅಲ್ಲೇ. ಐಡಿಯಾ ಇದೆ, ಅದರ ಹಿಂದೆ ಜನ ಇಲ್ಲ.

ಜನ ಹೇಗೆ ಬರುತ್ತಾರೆ ಅನ್ನುವುದಕ್ಕೆ ಅಡಿಕೆ ತೋಟವನ್ನೇ ನೋಡಿ. ಮಳೆಗಾಲದ ಕೊಳೆರೋಗಕ್ಕೆ ನಾವು ಬಿಡುವ ಮದ್ದು ಹಳೆಯದೇ: ಮೈಲುತುತ್ತು (ತಾಮ್ರದ ಸಲ್ಫೇಟ್) ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಜಾರುವ ಮರ ಹತ್ತಿ ಅದನ್ನು ಬಿಡುವವರು ಸಿಗದೆ ಎಷ್ಟೋ ತೋಟಗಳ ಫಸಲು ಉದುರಿಹೋಗುತ್ತಿತ್ತು. ಆಮೇಲೆ ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದ ಕೋಲು ಬಂತು. ಶುರುವಿಗೆ ಎಲ್ಲರಿಗೂ ಅನುಮಾನ. ಗಾಳಿಗೆ ಬಳುಕುತ್ತದೆ, ಗುರಿ ಸಿಗುವುದಿಲ್ಲ, ಕುತ್ತಿಗೆ ನೋಯುತ್ತದೆ ಅಂತ. ಎಲ್ಲಾ ನಿಜವೇ! ಆದರೆ ಪಕ್ಕದ ತೋಟದವರು ನೆಲದಲ್ಲೇ ನಿಂತು ಮರದ ತುದಿಯ ಗೊನೆಗೆ ಮದ್ದು ತಲುಪಿಸುವುದನ್ನು ಕಣ್ಣಾರೆ ಕಂಡ ಮೇಲೆ ಮಾತು ಬದಲಾಯಿತು. ಈಗ ದೋಟಿ ಹಿಡಿಯಲು ಕಲಿತ ಹುಡುಗರಿಗೆ ಮಳೆಗಾಲದಲ್ಲಿ ಪುರುಸೊತ್ತಿಲ್ಲ. ಪೋಸ್ಟರ್ ಅಂಟಿಸಿ ಆದದ್ದಲ್ಲ ಇದು.

ನಮ್ಮ ಜಿಲ್ಲೆಯ ಏತಡ್ಕ ಊರಿನ ಕಟ್ಟಗಳೂ, ಅಂದರೆ ತಾತ್ಕಾಲಿಕ ಒಡ್ಡುಗಳೂ ಹಾಗೆಯೇ. ಮಳೆ ಮುಗಿದ ಮೇಲೆ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡವಾಗಿ ಕಟ್ಟ ಹಾಕಿದರೆ ಕೆಳಗಿನ ಬಾವಿ, ಕೆರೆಗಳಲ್ಲಿ ನೀರು ನಿಲ್ಲುತ್ತದೆ. ಒಬ್ಬನೇ ಹಾಕಿದರೆ ಪ್ರಯೋಜನ ಕಡಿಮೆ. ಮೇಲಿನವನು, ಕೆಳಗಿನವನು ಎಲ್ಲರೂ ಸೇರಬೇಕು. ಮಣ್ಣು ಕಲ್ಲಿನ ಕೆಲಸಕ್ಕೆ ಆಳು ಸಿಗದಾಗ ಪ್ಲಾಸ್ಟಿಕ್ ಶೀಟು ಹಾಕಿ ಕೆಲಸ ಹಗುರ ಮಾಡಿಕೊಂಡರು. ಹಳೆಯದಕ್ಕೇ ಹೊಸ ಬುದ್ಧಿ, ಅಲ್ವಾ?

ತಮ್ಮಿಂದ ಆಗಬೇಕಾದ್ದು ಇಷ್ಟೆ. ನಮ್ಮಲ್ಲಿ ಗ್ರಾಮಸಭೆ ವಾರ್ಡಿಗೊಂದು ಇದೆ, ಆದರೆ ಅಲ್ಲಿ ಫಲಾನುಭವಿಗಳ ಪಟ್ಟಿ ಓದುವುದರಲ್ಲೇ ಹೊತ್ತು ಹೋಗುತ್ತದೆ. ಪಟ್ಟಿ ಓದಿ ಆದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಾರೆ, ಅವರನ್ನು ದೂರುವ ಹಾಗೂ ಇಲ್ಲ. ಪಟ್ಟಿಗೆ ಮೊದಲು ಅರ್ಧ ಗಂಟೆ ಹೊಸ ಉಪಾಯ ಹೇಳುವವರಿಗೆ ಕೊಡುವಂತೆ ಪಂಚಾಯತ್‌ಗಳ ಜತೆ ಮಾತಾಡಿ. ಒಳ್ಳೆಯದು ಕಂಡರೆ ಅದೇ ವಾರ್ಡಿನ ಒಂದು ತೋಟದಲ್ಲಿ ಒಂದು ಹಂಗಾಮು ಮಾಡಿ ನೋಡಲು ಯೋಜನಾ ನಿಧಿಯಿಂದ ಸ್ವಲ್ಪ ದುಡ್ಡು ಇಡಿ. ಬೆಳೆ ಕೈಕೊಟ್ಟರೆ ಆ ಕೃಷಿಕನ ನಷ್ಟ ತುಂಬಿಕೊಡುವ ಏರ್ಪಾಡೂ ಇರಲಿ. ನಮ್ಮವರು ಹಿಂದೇಟು ಹಾಕುವುದು ಸೋಮಾರಿತನಕ್ಕಲ್ಲ. ಅಡಿಕೆ ಸಸಿ ತಪ್ಪಿ ನೆಟ್ಟರೆ ಐದಾರು ವರ್ಷ ಹೋಯಿತು ಅಂತಲೇ ಲೆಕ್ಕ.

ಇನ್ನು ಭಾಷೆ. ನಮ್ಮಲ್ಲಿ ಕನ್ನಡದಲ್ಲಿ ಪತ್ರ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಭಾಷಾ ಕಾಯಿದೆಯಲ್ಲೇ ಇದೆ. ಆದರೂ ಹೊಸ ಯೋಜನೆಯ ಫಾರ್ಮ್ ಬರುವುದು ಹೆಚ್ಚಾಗಿ ಇಂಗ್ಲಿಷ್, ಮಲಯಾಳದಲ್ಲಿ. ಕುಡ್ಲುವಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಯಂಥ ದೊಡ್ಡ ಸಂಸ್ಥೆ ನಮ್ಮ ಕೈಗೆಟುಕುವ ದೂರದಲ್ಲಿದೆ. 1916ರಿಂದ ಅಲ್ಲಿ ತೆಂಗಿನ ಸಂಶೋಧನೆ ನಡೆಯುತ್ತಿದೆ. ಅಲ್ಲಿನ ವಿಜ್ಞಾನಿಗಳನ್ನು ವಾರ್ಡಿಗೆ ಕರೆಸಿ, ಕನ್ನಡ ಬಲ್ಲವರೊಬ್ಬರನ್ನು ಜತೆಗೆ ಕೂರಿಸಿ. ಪ್ರಶ್ನೆ ಕೇಳಲು ಹೆದರುವ ಅಜ್ಜಂದಿರೂ ಆಗ ಬಾಯಿ ಬಿಡುತ್ತಾರೆ.

ಡಿಸೆಂಬರಿನಲ್ಲಿ ತೋಡಿನಲ್ಲಿ ಕಟ್ಟದ ಕೆಲಸ ಇರುತ್ತದೆ. ಅಧಿಕಾರಿಗಳನ್ನೂ ಕರೆದುಕೊಂಡು ಒಮ್ಮೆ ಬನ್ನಿ. ಸ್ಟೇಜು, ಮೈಕು, ಹಾರ ಯಾವುದೂ ಬೇಡ. ಯಾವ ವಾರ್ಡಿನಿಂದ ಶುರು ಮಾಡಬಹುದು ಅಂತ ಅಲ್ಲೇ ಮಾತಾಡೋಣ.

ಇತಿ,
ಬದಿಯಡ್ಕ ಕಡೆಯ ಒಬ್ಬ ಅಡಿಕೆ ಕೃಷಿಕ