ಮುಧೋಳ ನಾಯಿನ ಬಾಲ್ಕನೀಲಿ ಕಟ್ಟಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಅಪಾರ್ಟ್‌ಮೆಂಟಲ್ಲಿ ಎದುರು ಮನೆಯವ್ರು ಹೋದ ವರ್ಷ ಒಂದು ಮುಧೋಳ ಮರಿ ತಂದ್ರು, ಸೈನ್ಯದವ್ರೂ ತರಬೇತಿ ಕೊಟ್ಟ ನಮ್ಮ ಕರ್ನಾಟಕದ ತಳಿ ಅನ್ನೋ ಅಭಿಮಾನದಿಂದಾನೇ ತಂದಿದ್ದು, ಅದು ತಪ್ಪಲ್ಲ, ನಂಗೂ ಆ ಅಭಿಮಾನ ಇದೆ, 2005ರಲ್ಲಿ ಅದರ ಅಂಚೆ ಚೀಟಿ ಬಂದಾಗ ಜೋಪಾನವಾಗಿ ತೆಗೆದಿಟ್ಕೊಂಡಿದ್ದೆ. ಆದ್ರೆ ಬಯಲಲ್ಲಿ ಮೊಲದ ಹಿಂದೆ ಬಾಣದ ಹಾಗೆ ಓಡೋಕೆ ಅಂತಾನೇ ಬೆಳೆಸಿದ ಬೇಟೆನಾಯಿ ಅದು, ಗಂಡ ಹೆಂಡ್ತಿ ಇಬ್ರೂ ಬೆಳಗ್ಗೆ ಎಂಟಕ್ಕೆ ವೈಟ್‌ಫೀಲ್ಡ್ ಕಡೆ ಹೊರಟ್ರೆ ವಾಪಸ್ ಬರೋದು ರಾತ್ರಿನೇ, ಅಷ್ಟೊತ್ತೂ ಬಾಲ್ಕನೀಲಿ ಒಂಟಿ. ಬಾಗ್ಲು ಕೆರೆದು ಕೆರೆದು ಉಗುರಲ್ಲಿ ರಕ್ತ ಬಂದಿದ್ದನ್ನ ನಾನೇ ನೋಡಿದೀನಿ, ಕರುಳು ಚುರ್ ಅಂತು.

ಹಸ್ಕಿ, ಬಾರ್ಡರ್ ಕೋಲಿ ಕಥೆನೂ ಅಷ್ಟೇ, ಒಂದು ಹಿಮದಲ್ಲಿ ಗಾಡಿ ಎಳೆಯೋಕೆ ಇನ್ನೊಂದು ಕುರಿ ಕಾಯೋಕೆ ಬೆಳೆಸಿದ್ದು. ಹಾಗಂತ ಸುಮ್ನೆ ಬಿದ್ಕೊಂಡಿರತ್ತೆ ಅಂತ ಪಗ್ ತರೋರೂ ಸ್ವಲ್ಪ ಯೋಚ್ನೆ ಮಾಡಿ, ಚಪ್ಪಟೆ ಮೂತಿಯಿಂದ ಅದಕ್ಕೆ ಉಸಿರಾಟದ ತೊಂದ್ರೆ, ಏಪ್ರಿಲ್ ಬಿಸಿಲಲ್ಲಿ ನೋಡಕ್ಕಾಗಲ್ಲ. ಲ್ಯಾಬ್ರಡಾರ್ ಶಾಂತ ಅಂತಾರೆ, ಮೊದಲ ಎರಡು ಮೂರು ವರ್ಷ ಅದಕ್ಕೂ ದಿನಾ ಚೆನ್ನಾಗಿ ಓಡಾಟ ಬೇಕು.

ನನ್ನ ಕೇಳಿದ್ರೆ ಫ್ಲ್ಯಾಟಲ್ಲಿರೋರು ಶೆಲ್ಟರಿಂದ ನಾಲ್ಕೈದು ವರ್ಷದ ನಾಟಿ ನಾಯಿ ತರೋದೇ ವಾಸಿ, ಅದರ ಗುಣ ಏನು ಅಂತ ಅಷ್ಟೊತ್ತಿಗೆ ಗೊತ್ತಾಗಿರತ್ತೆ, ನಮ್ಮ ಹವೆಗೂ ಒಗ್ಗಿರತ್ತೆ. ನಮ್ಮನೆ ಕೆಂಚಿನೂ ಹಾಗೇ ಬಂದೋಳು, ಬೆಳಗ್ಗೆ ಮುಕ್ಕಾಲು ಗಂಟೆ ಸುತ್ತಾಡಿಸಿದ್ರೆ ಮಧ್ಯಾಹ್ನ ಪೂರ್ತಿ ಅಮ್ಮನ ಕಾಲ್ಹತ್ರ ಮಲಗಿರ್ತಾಳೆ. ಎದುರು ಮನೆ ನಾಯಿನ ಈಗ ದಿನಾ ಸಂಜೆ ನಾನೇ ಮೈದಾನಕ್ಕೆ ಕರ್ಕೊಂಡು ಹೋಗ್ತಿದೀನಿ.

ಇಂತಿ ನಿಮ್ಮ ಓದುಗ,
ಬಸವನಗುಡಿ, ಬೆಂಗಳೂರು