ಗೆಳೆಯನಿಗೊಂದು ಪತ್ರ: ಅದು ವಿಂಗರ್ ಅಲ್ಲ ಮಾರಾಯ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಹನ್ನೊಂದು ಸೆಕೆಂಡಿನ ಆಂಬುಲೆನ್ಸ್ ತುಣುಕು ನೋಡಿದೆ. "ಎಂಬತ್ತರ ದಶಕದ ಫ್ರೆಂಚ್ ಸಿನಿಮಾದಲ್ಲಿ ನಮ್ಮ ಟಾಟಾ ವಿಂಗರ್ ಎಂತಕ್ಕೆ ಬಂತು?" ಅಂತ ಕೇಳಿದ್ದಿ. ಈ ಗೊಂದಲ ಇನ್ನೂ ಕೆಲವರಿಗೆ ಉಂಟು, ಹಾಗಾಗಿ ಎಲ್ಲರಿಗೂ ಕಾಣುವಲ್ಲೇ ಬರೆಯುತ್ತೇನೆ.

ಅದು ಫ್ರೆಂಚ್ ಕಂಪನಿ ರೆನೋದ 'ಟ್ರಾಫಿಕ್' ಎಂಬ ವ್ಯಾನ್, 1980ರಲ್ಲಿ ಬಂದದ್ದು. ಅದನ್ನೇ ಆಧಾರ ಮಾಡಿಕೊಂಡು ಟಾಟಾದವರು 2007ರಲ್ಲಿ ವಿಂಗರ್ ಇಳಿಸಿದರು. ಮುಖ ನೋಡಿ ನಿರ್ಧರಿಸಬೇಡ, ಜಾರುಬಾಗಿಲು ನೋಡು. ಅಲ್ಲಿ ಫುಟ್‌ಪಾತ್ ಬಲಕ್ಕೆ, ಬಾಗಿಲೂ ಬಲಕ್ಕೆ. ನಮ್ಮದರಲ್ಲಿ ಎಡಕ್ಕೆ. ಒಂದೇ ಅಪಾಯ: ಕೆಲವರು ತುಣುಕನ್ನು ಎಡಬಲ ತಿರುಗಿಸಿ ಹಾಕುತ್ತಾರೆ. ಆಗ ಬಾನೆಟ್ಟಿನ ಮೇಲೆ ಉಲ್ಟಾ ಇರಬೇಕಾದ 'ಆಂಬುಲೆನ್ಸ್' ನೆಟ್ಟಗೆ ಓದಲು ಸಿಗುತ್ತದೆ, ನಂಬರ್ ಪ್ಲೇಟ್ ಉಲ್ಟಾ ಆಗಿರುತ್ತದೆ. ಪ್ಲೇಟ್ ನೋಡದೆ ಬಾಗಿಲು ನಂಬಬೇಡ.

ಹಳೆಯ ಕನ್ನಡ, ಹಿಂದಿ ಚಿತ್ರಗಳಲ್ಲಿ ತಲೆ ತಿನ್ನುವುದು ಅಂಬಾಸಿಡರ್ ಕಾರಿನ ಆಂಬುಲೆನ್ಸ್. ಅದರಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಕೇಳಬೇಕು: ಬುಡ ಯಾವುದು, ಮೇಲಿನ ಬಾಡಿ ಯಾರು ಕಟ್ಟಿದ್ದು? ಎತ್ತರಿಸಿದ ಮಾಡು, ಹಿಂಬಾಗಿಲು ಎಲ್ಲ ಬಾಡಿ ಕಟ್ಟುವವರ ಕೈಚಳಕ, ಅದರಿಂದ ವರ್ಷ ಸಿಗುವುದಿಲ್ಲ. ಗ್ರಿಲ್‌ಗೆ ಬಾ, ಅಂದರೆ ಮುಂಬದಿಯ ಜಾಲರಿಗೆ. ಒತ್ತೊತ್ತು ಚೌಕುಳಿ ಇದ್ದರೆ ಮಾರ್ಕ್ 2, ಅಂದರೆ ಅಂಬಾಸಿಡರ್‌ನ ಎರಡನೇ ಆವೃತ್ತಿ. ಅಡ್ಡ ಪಟ್ಟಿ ಇದ್ದರೆ 1975ರ ಮಾರ್ಕ್ 3. ಗ್ರಿಲ್ ಚಿಕ್ಕದಾಗಿ, ಚೌಕುಳಿ ದೊಡ್ಡದಾಗಿ, ಪಾರ್ಕಿಂಗ್ ದೀಪ ಚೌಕವಾಗಿ, ಇಂಡಿಕೇಟರ್ ಬೇರೆಯೇ ಕೂತಿದ್ದರೆ 1979ರ ಮಾರ್ಕ್ 4. ಆದರೆ ಉಡುಪಿ, ಮಂಗಳೂರಿನ ಉಪ್ಪುಗಾಳಿಗೆ ತಗಡು ತಿಂದುಹೋದ ಗಾಡಿಗೆ ಗ್ಯಾರೇಜಿನವರು ಕೈಗೆ ಸಿಕ್ಕ ಗ್ರಿಲ್ ಹಾಕುತ್ತಿದ್ದರು. ಹಾಗಾಗಿ ಗಾಡಿಯಲ್ಲಿರುವ ಅತಿ ಹೊಸ ಭಾಗವನ್ನು ಹುಡುಕು. ಚಿತ್ರೀಕರಣ ಅದಕ್ಕಿಂತ ಹಿಂದಿನದ್ದಾಗಲು ಸಾಧ್ಯವಿಲ್ಲ, ಅಷ್ಟು ಮಾತ್ರ ಖಚಿತ.

ಮೆಟಡೋರ್ ಸುಲಭ. ಎಂಜಿನ್ ಮುಂದಿನ ಗಾಲಿಗಳನ್ನೇ ಓಡಿಸುತ್ತದೆ, ಹಿಂದಕ್ಕೆ ಶಾಫ್ಟ್ ಇಲ್ಲ, ಅದಕ್ಕೇ ನೆಲ ತಗ್ಗು. ಸ್ಟ್ರೆಚರ್ ಎತ್ತುವವರ ಸೊಂಟ ಎಷ್ಟು ಬಗ್ಗುತ್ತದೆ ನೋಡಿದರೂ ಗೊತ್ತಾಗುತ್ತದೆ. ಜರ್ಮನ್ ಚಿತ್ರದಲ್ಲಿ ಅದೇ ಮುಖ ಕಂಡರೆ ಅದು ಹಾನೊಮಾಗ್ ಎಂಬ ಜರ್ಮನ್ ವ್ಯಾನೋ ಅಂತ ಮೊದಲು ಪರೀಕ್ಷಿಸು.

ಕಾಲ ತಪ್ಪಿದ್ದನ್ನು ಹಿಡಿಯಲು ಎರಡು ಗುರುತು. ಹಾವು ಸುತ್ತಿದ ಕೋಲಿರುವ ಆರು ತೋಳಿನ ನೀಲಿ ನಕ್ಷತ್ರ ಅಮೆರಿಕದಲ್ಲಿ ರೂಪುಗೊಂಡದ್ದು 1973ರಲ್ಲಿ. 1965ರ ಕಥೆಯಲ್ಲಿ ಅದು ಇದ್ದರೆ ಗಾಡಿಗೆ ಅದನ್ನು ಬಳಿದದ್ದು ಆಮೇಲೆ. ಹಾಗೆಯೇ ಕೆಎ 19, ಕೆಎ 20 ಪ್ಲೇಟ್ ಎಪ್ಪತ್ತರ ದಶಕದ ಕಥೆಯಲ್ಲಿ ಇರಲು ಸಾಧ್ಯವೇ ಇಲ್ಲ.

ಇಷ್ಟು ಬರೆದ ಮೇಲೆ ಒಂದು ವಿಷಯ ಗಂಟಲಲ್ಲಿ ಉಳಿದಿದೆ. ನಾನು ದೃಶ್ಯ ನಿಲ್ಲಿಸುವುದು ಯಾವಾಗಲೂ ಹಿಂಬಾಗಿಲು ತೆರೆಯುವ ಮೊದಲು. ಗ್ರಿಲ್ ಸಿಕ್ಕಿತು, ಪ್ಲೇಟ್ ಸಿಕ್ಕಿತು, ಮುಗಿಯಿತು. ಒಳಗೆ ಸ್ಟ್ರೆಚರ್ ಯಾವ ಬದಿಗಿತ್ತು, ಆಕ್ಸಿಜನ್ ಸಿಲಿಂಡರ್ ಎಲ್ಲಿ ಕಟ್ಟಿದ್ದರು, ಜೊತೆಗೆ ಬಂದವರು ಕಾಲು ಎಲ್ಲಿಟ್ಟು ಕೂತರು, ಯಾವುದನ್ನೂ ಬರೆದಿಟ್ಟಿಲ್ಲ. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಿಸುವುದಿಲ್ಲ. ನಮ್ಮ ರಾಜ್ಯದಲ್ಲಿ 108 ಸೇವೆ ಶುರುವಾದದ್ದು 2008ರಲ್ಲಿ, ಲೆಕ್ಕ ನೀನೇ ಹಾಕು. ಆ ಗಾಡಿಗಳ ಒಳಗು ನಾಳೆ ಪರದೆಯ ಮೇಲಷ್ಟೇ ಉಳಿದೀತು. ನಾನು ಅಲ್ಲಿಗೇ ಕಣ್ಣು ಹಾಯಿಸಲಿಲ್ಲ. ಓಮ್ನಿಯ ಹಿಂಬಾಗಿಲು ಮೇಲೆತ್ತುವ ಸದ್ದು ಕೇಳಿದರೆ ಈಗಲೂ ಹೊಟ್ಟೆ ತೊಳಸುತ್ತದೆ. ಯಾಕೆಂದು ನಿನಗೆ ಗೊತ್ತು, ಇಲ್ಲಿ ಬೇಡ.

ಆಯ್ತು, ಬಿಡು. ಆ ಟ್ರಾಫಿಕ್‌ನ ಪೂರ್ತಿ ದೃಶ್ಯ ಕಳಿಸು, ಬಾಗಿಲು ತೆರೆದು ಸ್ಟ್ರೆಚರ್ ಇಳಿಸುವ ತನಕ ಇರಲಿ. ಭಾನುವಾರ ಒಟ್ಟಿಗೆ ಕೂತು ನೋಡುವ. ಗೋಳಿಬಜೆ ನಾನು ತರುತ್ತೇನೆ, ಚಟ್ನಿ ನಿನ್ನ ಅಮ್ಮನದ್ದೇ ಆಗಬೇಕು.

ನಿನ್ನವ