ತೇರು ತಿರುಗುವಷ್ಟು ಅಗಲದ ಬೀದಿ

ಪ್ರಿಯ ಸೀನ,

ನಿನ್ನೆ ಮಧ್ಯಾಹ್ನ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಬಂದು ಸೇರಿದೆವು. ನೆವಾಡಾ ಗಡಿಯ ಊರಾದ ವೆಂಡೋವರ್‌ನಿಂದ ಇಲ್ಲಿಗೆ ಸುಮಾರು 120 ಮೈಲಿ. ಹೊರಟ ಮೇಲೆ ಎಷ್ಟೋ ಹೊತ್ತು ಎರಡೂ ಬದಿಗೆ ಬರೀ ಉಪ್ಪಿನ ಬಯಲು, ನಡುವೆ ನೂಲು ಹಿಡಿದಂತೆ ನೇರವಾದ ರಸ್ತೆ. ಊರು ಹತ್ತಿರವಾದಂತೆ ಮೊದಲು ಸರೋವರದ ಕೊಳೆತ ಮೊಟ್ಟೆಯಂಥ ವಾಸನೆ, ಆಮೇಲೆ ವಾಸಾಚ್ ಬೆಟ್ಟಗಳ ಸಾಲು.

ಒಳಗೇ ಅಡುಗೆ, ಮಲಗುವ ವ್ಯವಸ್ಥೆಯಿರುವ, ಇಪ್ಪತ್ತೈದು ಅಡಿ ಉದ್ದದ ಈ ಆರ್‌ವಿ ಗಾಡಿಯನ್ನು ಬಾಡಿಗೆಗೆ ಪಡೆದಂದಿನಿಂದ ಯಾವ ಊರೊಳಗೆ ನುಗ್ಗುವಾಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇಲ್ಲಿ ಹಾಗಾಗಲಿಲ್ಲ, ಏಕೆಂದರೆ ಇಲ್ಲಿನ ಹಳೆಯ ಬೀದಿಗಳು 132 ಅಡಿ ಅಗಲವಿವೆ. 1847ರಲ್ಲಿ ಬ್ರಿಗಮ್ ಯಂಗ್ ಮುಂದಾಳತ್ವದಲ್ಲಿ ಬಂದ ಮಾರ್ಮನ್ನರೆಂಬ ಕ್ರೈಸ್ತ ಪಂಗಡದವರು, ಎತ್ತು ಹೂಡಿದ ಗಾಡಿಯು ಹಿಂದೆ ಸರಿಯದೆ ಒಂದೇ ಸುತ್ತಿಗೆ ತಿರುಗಲೆಂದು ಇಷ್ಟು ಜಾಗ ಬಿಟ್ಟರೆಂದು ಹೇಳುತ್ತಾರೆ. ಅದನ್ನು ಕೇಳಿದೊಡನೆ ನಂಜನಗೂಡಿನ ರಥಬೀದಿಯೂ, ಮೂಲೆಯಲ್ಲಿ ನಿಂತು ತಿರುಗುವ ಗೌತಮ ರಥವೂ ಕಣ್ಣಿಗೆ ಕಟ್ಟಿದವು.

ಇಲ್ಲಿನ ವಿಳಾಸಗಳೂ ಗುಡಿಯಿಂದಲೇ ಆರಂಭವಾಗುತ್ತವೆ. 1853ರಿಂದ 1893ರವರೆಗೆ ನಲವತ್ತು ವರ್ಷ ಮಾರ್ಮನ್ನರು ಕಟ್ಟಿದ ಕಲ್ಲಿನ ದೇವಾಲಯದ ಆವರಣದ ಆಗ್ನೇಯ ಮೂಲೆಯೇ ಸೊನ್ನೆ. "400 ದಕ್ಷಿಣ, 300 ಪೂರ್ವ" ಎಂದರೆ ಅಲ್ಲಿಂದ ನಾಲ್ಕು ಬೀದಿ ದಕ್ಷಿಣಕ್ಕೆ, ಮೂರು ಬೀದಿ ಪೂರ್ವಕ್ಕೆ. ನಿಮ್ಮಜ್ಜಿ ದಾರಿ ಹೇಳುತ್ತಿದ್ದುದೂ ಹೀಗೆಯೇ, ಗೋಪುರಕ್ಕೆ ಬೆನ್ನು ಹಾಕಿ ನಿಂತುಕೊಂಡು.

ಕ್ಯಾಂಪ್‌ಗ್ರೌಂಡಿನ ಕಚೇರಿಯಲ್ಲಿ ಕೊಟ್ಟ ಫಾರಂನಲ್ಲಿ ಖಾಯಂ ವಿಳಾಸವೆಂಬ ಸಾಲಿತ್ತು. ಬರೆದು ಮುಗಿಸಿ ನೋಡಿದರೆ, ಕಳೆದ ವರ್ಷ ಮಾರಿದ ನಂಜನಗೂಡಿನ ನಮ್ಮ ಮನೆಯ ವಿಳಾಸವನ್ನು ಬರೆದಿದ್ದೆ. ಹೊಡೆದು ಹಾಕಿ ಈಗಿನದನ್ನು ಬರೆದುಕೊಟ್ಟು ಹೊರಬಂದೆ.

ಸಂಜೆ ಗಾಡಿ ನಿಲ್ಲಿಸಿದ ಜಾಗ ಇಳಿಜಾರಾಗಿತ್ತು. ಎಡಗಾಲಿಯನ್ನು ಪ್ಲಾಸ್ಟಿಕ್ ಹಲಗೆಗಳ ಮೇಲೆ ಹತ್ತಿಸಿ, ಲೋಟದ ನೀರನ್ನು ಮೇಜಿನ ಮೇಲಿಟ್ಟು ಮಟ್ಟ ನೋಡಿ, ಹಿಂದಿನ ಗಾಲಿಗೆ ಬೆಣೆ ಕೊಡಲು ಬಗ್ಗಿದೆ. ತೇರಿನ ಗಾಲಿಗೆ ಸನ್ನೆ ಕೊಡುವವರನ್ನು ಜಗಲಿಯಿಂದ ತೋರಿಸುತ್ತ ಅಮ್ಮ "ಅವರ ಕೈಲಿದೆ ನೋಡು ಎಲ್ಲ" ಎನ್ನುತ್ತಿದ್ದಳು. ಬಗ್ಗಿದವನು ಬಹಳ ಹೊತ್ತು ಏಳಲಾಗಲಿಲ್ಲ.

ಮನೆ ಸೋರುತ್ತಿದೆ, ನೋಡಿಕೊಳ್ಳುವವರಿಲ್ಲ ಎಂದು ನಾನು ನಿನಗೆ ಹೇಳಿದ್ದೆ. ಸೋರುತ್ತಿದ್ದುದು ನಿಜ, ಆದರೆ ಮಾರಿದ್ದು ಅದಕ್ಕಲ್ಲ. ಅಮ್ಮನಿಲ್ಲದ ಆ ಪಡಸಾಲೆಗೆ ಕಾಲಿಡುವ ಧೈರ್ಯ ನನಗಿರಲಿಲ್ಲ. ಕಾಗದ ಪತ್ರಕ್ಕೆ ಇಲ್ಲಿಂದಲೇ ಸಹಿ ಹಾಕಿದೆ, ಬೀಗದ ಕೈಯನ್ನು ನಿನ್ನಿಂದ ಕೊಡಿಸಿದೆ. ಅಮ್ಮನ ಒರಳುಕಲ್ಲು, ಹಿತ್ತಾಳೆ ಚೊಂಬು, ಅರ್ಧ ಉಳಿದಿದ್ದ ಉಪ್ಪಿನಕಾಯಿ ಜಾಡಿ ಎಲ್ಲವನ್ನೂ ನೀನೊಬ್ಬನೇ ಹೊರಗೆ ಸಾಗಿಸಿದೆ. ಅದು ನಿನಗೆ ಹೇಗಿತ್ತೆಂದು ನಾನು ಇದುವರೆಗೆ ಒಮ್ಮೆಯೂ ಕೇಳಲಿಲ್ಲ. ನಾಲ್ಕು ಜನ ಓದುವಲ್ಲಿ ಇದನ್ನು ಬರೆಯುವುದು ಸರಿಯೋ ಅಲ್ಲವೋ, ಫೋನಿನಲ್ಲಿ ಹೇಳಲು ಹೋದರೆ ಮತ್ತೆ ಸೋರುವ ಮಾಡಿನ ಮಾತೇ ಬರುತ್ತದೆ.

ಇರಲಿ, ಕುಕ್ಕರ್ ಕೂಗುತ್ತಿದೆ. ಈ ಊರು 4,200 ಅಡಿಗೂ ಎತ್ತರದಲ್ಲಿರುವುದರಿಂದ ಬರೀ ಪಾತ್ರೆಯಲ್ಲಿಟ್ಟ ಅಕ್ಕಿ ಬೇಗ ಬೇಯುವುದಿಲ್ಲ. ಮೊದಲ ಸಲ ಕೂಗಿದಾಗ ಪಕ್ಕದ ಗಾಡಿಯ ವೃದ್ಧ ದಂಪತಿ ಗಾಬರಿಯಿಂದ ಓಡಿಬಂದರು, ಈಗ ತಿಳಿಸಾರಿಗೆ ಕಾದು ಕುಳಿತಿದ್ದಾರೆ. ಆಣೆ ಮಾಡಿ ಹೇಳುತ್ತೇನೆ, ಬರುವ ದೊಡ್ಡ ಜಾತ್ರೆಗೆ ಬರುತ್ತೇನೆ. ನಿಮ್ಮ ಜಗಲಿಯಲ್ಲಿ, ಕಂಬದ ಪಕ್ಕ, ನನಗೊಂದು ಜಾಗ ಹಿಡಿದಿಡು.

ನಿನ್ನ,
ಪುಟ್ಟು